ಬಳಸಬಾರದೆಂದೇ ಕಟ್ಟಿದ ನೌಕೆ



ದೇಶದ ರಕ್ಷಣೆಯನ್ನು ಕುರಿತ ನಮ್ಮ ಚರ್ಚಾ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ನನ್ನ ಮೇಜಿನ ಮೇಲೆಯೇ ಉಳಿದುಕೊಂಡಿದೆ. ಬರೆದವರು ನಿವೃತ್ತ ಶಿಕ್ಷಕರು. "ಅಣು ಕ್ಷಿಪಣಿ ಹೊತ್ತ ಜಲಾಂತರ್ಗಾಮಿಯನ್ನು ಎಂದೂ ಬಳಸದಿರುವುದೇ ಉದ್ದೇಶ ಎಂದು ನಿಮ್ಮ ಅತಿಥಿಗಳು ಹೇಳಿದರು. ಬಳಸುವುದಿಲ್ಲವೆಂದ ಮೇಲೆ ಇಷ್ಟೊಂದು ಹಣ ಸುರಿದು ಕಟ್ಟುವುದೇಕೆ? ಕಟ್ಟಿದ್ದನ್ನು ಸಮುದ್ರದಲ್ಲಿ ಬಚ್ಚಿಡುವುದೇಕೆ?" ಎಂಬುದು ಅವರ ಪ್ರಶ್ನೆ. ಅತಿಥಿಗಳು ಈ ವಿಷಯವನ್ನು ಮುಟ್ಟುವ ಹೊತ್ತಿಗೆ ಸ್ಟುಡಿಯೋದ ಗಡಿಯಾರ ನಮ್ಮ ಸಮಯ ಮುಗಿಯಿತೆಂದು ತೋರಿಸುತ್ತಿತ್ತು. ಅಂದು ಉಳಿದುಹೋದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ಪ್ರಯತ್ನಿಸುತ್ತೇನೆ.

ಎರಡನೆಯ ಏಟಿನ ಲೆಕ್ಕ

ಇಬ್ಬರು ವೈರಿಗಳ ಬಳಿ ಒಂದೊಂದು ಬಂದೂಕಿದೆ ಎಂದುಕೊಳ್ಳಿ. ಇಬ್ಬರ ಬಂದೂಕೂ ಮನೆಯ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತಿದೆ. ಆಗ ಇಬ್ಬರ ಮನಸ್ಸಿನಲ್ಲೂ ಒಂದೇ ಯೋಚನೆ ಹುಟ್ಟುತ್ತದೆ: "ಅವನು ನನ್ನ ಬಂದೂಕನ್ನು ಕಸಿದುಕೊಳ್ಳುವ ಮೊದಲು ನಾನೇ ಹಾರಿಸಿಬಿಡಬೇಕು." ಇಬ್ಬರೂ ಸ್ವಭಾವತಃ ಶಾಂತರೇ ಆಗಿರಬಹುದು. ಆದರೂ ಆ ಜಗಲಿಯೇ ಅವರನ್ನು ಆತುರಕ್ಕೆ ದೂಡುತ್ತದೆ.

ಅಣ್ವಸ್ತ್ರಗಳ ವಿಷಯದಲ್ಲಿಯೂ ಹೀಗೆಯೇ. ವಿಮಾನ ನೆಲೆ ಎಲ್ಲಿದೆ, ಕ್ಷಿಪಣಿಯ ತಾಣ ಎಲ್ಲಿದೆ ಎಂಬುದನ್ನು ಉಪಗ್ರಹಗಳು ಪತ್ತೆ ಮಾಡಬಲ್ಲವು. ಮೊದಲ ಏಟಿನಲ್ಲಿಯೇ ಅವನ್ನೆಲ್ಲ ನಾಶ ಮಾಡಬಹುದೆಂದು ಶತ್ರುವಿಗೆ ಅನ್ನಿಸಿದರೆ ಅವನಿಗೆ ಧೈರ್ಯ ಬರುತ್ತದೆ, ನಮಗೆ ಅವಸರ ಹುಟ್ಟುತ್ತದೆ. ಈ ಎರಡೂ ಅಪಾಯವೇ. ಆದರೆ ಒಂದು ಅಸ್ತ್ರ ಎಲ್ಲಿದೆ ಎಂಬುದೇ ಯಾರಿಗೂ ತಿಳಿಯದಿದ್ದರೆ? ಮೊದಲ ಏಟು ಹಾಕಿದವನಿಗೆ ಎರಡನೆಯ ಏಟು ಬಂದೇ ಬರುತ್ತದೆಂಬುದು ಆಗ ಖಚಿತವಾಗುತ್ತದೆ. ಆದ್ದರಿಂದ ಅವನು ಮೊದಲ ಏಟನ್ನೇ ಹಾಕುವುದಿಲ್ಲ. ನಾವೂ ಗಾಬರಿಯಿಂದ ಗುಂಡಿ ಒತ್ತಬೇಕಾಗಿಲ್ಲ, ಕಾಯಬಹುದು. ಇದನ್ನೇ ರಕ್ಷಣಾ ಶಾಸ್ತ್ರದಲ್ಲಿ ಪ್ರತಿಬಂಧಕ ಶಕ್ತಿ ಎನ್ನುತ್ತಾರೆ.

ನಮ್ಮ ದೇಶಕ್ಕೆ ಈ ಲೆಕ್ಕ ಹೆಚ್ಚು ಮುಖ್ಯ. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ನಂತರ, 2003ರ ಜನವರಿ 4ರಂದು ಭಾರತ ಸರ್ಕಾರ ತನ್ನ ಅಣ್ವಸ್ತ್ರ ನೀತಿಯನ್ನು ಪ್ರಕಟಿಸಿತು. ಅಣ್ವಸ್ತ್ರವನ್ನು ನಾವು ಮೊದಲು ಬಳಸುವುದಿಲ್ಲ ಎಂಬುದು ಅದರ ತಿರುಳು. ರಾಸಾಯನಿಕ ಅಥವಾ ಜೈವಿಕ ಅಸ್ತ್ರಗಳ ಭಾರೀ ದಾಳಿ ನಡೆದರೆ ಮಾತ್ರ ಬೇರೆ ಆಯ್ಕೆಯನ್ನು ಅದು ಉಳಿಸಿಕೊಂಡಿದೆ. ಮೊದಲು ಹೊಡೆಯುವುದಿಲ್ಲವೆಂದು ಮಾತು ಕೊಟ್ಟವನು ಮೊದಲ ಹೊಡೆತವನ್ನು ತಿಂದೂ ಉಳಿಯಬಲ್ಲವನಾಗಿರಬೇಕು. ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ನೀರೊಳಗೇ ಏಕೆ?

ಕೆಲವು ವರ್ಷಗಳ ಹಿಂದೆ ವಿಶಾಖಪಟ್ಟಣದ ಕಡಲ ತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ‘ಕುರ್ಸುರಾ’ ಜಲಾಂತರ್ಗಾಮಿಯೊಳಗೆ ಓಡಾಡಿ ಬಂದೆ. ನೀವೂ ಹೋಗಿ ನೋಡಬಹುದು. 1969ರಲ್ಲಿ ನೌಕಾಪಡೆಗೆ ಸೇರಿ, 2001ರಲ್ಲಿ ನಿವೃತ್ತಿ ಹೊಂದಿದ ಡೀಸೆಲ್ ನೌಕೆಯಿದು. ಒಳಗೆ ಭುಜ ತಾಗುವಷ್ಟು ಇಕ್ಕಟ್ಟು. ಕೈ ಚಾಚಿದಲ್ಲೆಲ್ಲ ಕೊಳವೆಗಳು, ಕವಾಟಗಳು, ಗಡಿಯಾರದಂತಹ ಮಾಪಕಗಳು. ನೀರಿನಡಿಯಲ್ಲಿ ಇಂತಹ ನೌಕೆ ಬ್ಯಾಟರಿಯ ಬಲದಿಂದ ಚಲಿಸುತ್ತದೆ. ಬ್ಯಾಟರಿ ತುಂಬಿಸಲು ಡೀಸೆಲ್ ಎಂಜಿನ್ ಓಡಿಸಬೇಕು, ಎಂಜಿನ್ನಿಗೆ ಗಾಳಿ ಬೇಕು. ಆದ್ದರಿಂದ ಅದು ಆಗಾಗ ಮೇಲಕ್ಕೆ ಬಂದು ಉಸಿರುಕೊಳವೆಯನ್ನು ನೀರಿನಿಂದ ಹೊರಚಾಚಲೇಬೇಕು. ಅಡಗಿದವನಿಗೆ ಸಿಕ್ಕಿಬೀಳುವ ಭಯ ಹೆಚ್ಚಾಗಿರುವುದು ಆ ಗಳಿಗೆಯಲ್ಲಿಯೇ.

ಪರಮಾಣು ರಿಯಾಕ್ಟರಿಗೆ ಗಾಳಿಯ ಹಂಗಿಲ್ಲ. ಯುರೇನಿಯಂ ವಿದಳನದ ಶಾಖದಿಂದ ನೀರು ಹಬೆಯಾಗುತ್ತದೆ, ಹಬೆಯಿಂದ ಟರ್ಬೈನ್ ತಿರುಗುತ್ತದೆ. ಸಿಬ್ಬಂದಿಗೆ ಬೇಕಾದ ಕುಡಿಯುವ ನೀರು ಹಾಗೂ ಆಮ್ಲಜನಕ ಸಮುದ್ರದ ನೀರಿನಿಂದಲೇ ತಯಾರಾಗುತ್ತವೆ. ಹೀಗಾಗಿ ನೌಕೆ ಮುಳುಗಿರುವ ಅವಧಿಯನ್ನು ನಿರ್ಧರಿಸುವುದು ಇಂಧನವಲ್ಲ, ಉಗ್ರಾಣದಲ್ಲಿರುವ ಅಕ್ಕಿ ಬೇಳೆ ಮತ್ತು ಮನುಷ್ಯರ ಸಹನೆ.

1955ರ ಜನವರಿಯಲ್ಲಿ ಅಮೆರಿಕದ ‘ನಾಟಿಲಸ್’ ಮೊದಲ ಬಾರಿಗೆ ಅಣುಶಕ್ತಿಯಿಂದ ಚಲಿಸಿತು. 1960ರ ಜುಲೈ 20ರಂದು ‘ಜಾರ್ಜ್ ವಾಷಿಂಗ್ಟನ್’ ಎಂಬ ನೌಕೆ ನೀರಿನಡಿಯಿಂದಲೇ ಪೊಲಾರಿಸ್ ಕ್ಷಿಪಣಿಯನ್ನು ಹಾರಿಸಿ ತೋರಿಸಿತು. ಆ ವರ್ಷದ ನವೆಂಬರಿನಲ್ಲಿ 16 ಕ್ಷಿಪಣಿಗಳನ್ನು ಹೊತ್ತು ಅದು ತನ್ನ ಮೊದಲ ಗಸ್ತಿಗೆ ಹೊರಟಿತು. ನೀರಿನಡಿಯಿಂದ ಹಾರುವ ಕ್ಷಿಪಣಿ ಹೊತ್ತಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಕೊಳವೆಯೊಳಗೆ ಒತ್ತಡದ ಅನಿಲ ಅಥವಾ ಹಬೆ ಅದನ್ನು ಬೆಂಡಿನಂತೆ ಮೇಲಕ್ಕೆ ಚಿಮ್ಮಿಸುತ್ತದೆ. ನೀರಿನಿಂದ ಹೊರಬಂದ ಮೇಲಷ್ಟೇ ಅದರ ಎಂಜಿನ್ ಹೊತ್ತಿಕೊಳ್ಳುತ್ತದೆ.

ಸಮುದ್ರ ಬೆಳಕನ್ನೂ ರೇಡಿಯೋ ತರಂಗಗಳನ್ನೂ ಬೇಗನೆ ನುಂಗಿಬಿಡುತ್ತದೆ. ಅಲ್ಲಿ ದೂರ ಸಾಗುವುದು ಶಬ್ದ ಮಾತ್ರ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದ್ದರಿಂದ ಇಂತಹ ನೌಕೆಗಳು ಮನುಷ್ಯ ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ, ಸದ್ದಿಲ್ಲದೆ ಸಾಗುತ್ತವೆ. ಈ ಮೌನ ಎಷ್ಟು ಪೂರ್ಣವೆಂಬುದಕ್ಕೆ ಒಂದು ನಿಜವಾದ ಉದಾಹರಣೆಯಿದೆ. 2009ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರದ ಆಳದಲ್ಲಿ ಬ್ರಿಟನ್ನಿನ ‘ವ್ಯಾನ್‌ಗಾರ್ಡ್’ ಮತ್ತು ಫ್ರಾನ್ಸಿನ ‘ಲ ತ್ರಿಯೋಂಫಾಂ’ ಎಂಬ ಎರಡು ಕ್ಷಿಪಣಿ ಜಲಾಂತರ್ಗಾಮಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಎರಡೂ ಮಿತ್ರ ದೇಶಗಳ ನೌಕೆಗಳೇ. ಅದೃಷ್ಟವಶಾತ್ ವೇಗ ಕಡಿಮೆಯಿತ್ತು, ಎರಡೂ ತಮ್ಮ ಬಂದರಿಗೆ ಮರಳಿದವು.

ನಮ್ಮ ಅರಿಹಂತ

ಭಾರತದ ಮೊದಲ ಕ್ಷಿಪಣಿ ಜಲಾಂತರ್ಗಾಮಿಗೆ ಇಟ್ಟ ಹೆಸರು ‘ಅರಿಹಂತ’. ಕನ್ನಡಿಗರಾದ ನಮಗೆ ಈ ಪದ ಬಸದಿಗಳಿಂದ ಪರಿಚಿತ. ಜೈನರಲ್ಲಿ ಅರಿಹಂತನೆಂದರೆ ಕ್ರೋಧ, ಲೋಭಗಳೆಂಬ ಒಳಗಿನ ಶತ್ರುಗಳನ್ನು ಗೆದ್ದವನು.

2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ಅಂದಿನ ಪ್ರಧಾನಿಯವರ ಪತ್ನಿ ಗುರುಶರಣ್ ಕೌರ್ ಅವರು ತೆಂಗಿನಕಾಯಿ ಒಡೆದು ಇದನ್ನು ನೀರಿಗಿಳಿಸಿದರು. 2013ರ ಆಗಸ್ಟಿನಲ್ಲಿ ಇದರ 83 ಮೆಗಾವಾಟ್ ರಿಯಾಕ್ಟರ್ ಚಾಲನೆಗೊಂಡಿತು. ಇದೇ ಮಾದರಿಯ ರಿಯಾಕ್ಟರನ್ನು ಮೊದಲು ಕಲ್ಪಾಕ್ಕಂನಲ್ಲಿ ನೆಲದ ಮೇಲೆ ಕಟ್ಟಿ ಪರೀಕ್ಷಿಸಲಾಗಿತ್ತು. ಇಂಧನಕ್ಕೆ ಬೇಕಾದ ಯುರೇನಿಯಂ ಸಮೃದ್ಧೀಕರಣದ ಕೆಲಸ ನಡೆದದ್ದು ನಮ್ಮ ಮೈಸೂರಿನ ಬಳಿಯ ರತ್ನಹಳ್ಳಿಯ ಘಟಕದಲ್ಲಿ. 2016ರಲ್ಲಿ ಅರಿಹಂತ ಯಾವ ಸಮಾರಂಭದ ಪ್ರಚಾರವೂ ಇಲ್ಲದೆ ನೌಕಾಪಡೆಗೆ ಸೇರಿತು. ಅದರ ಮೊದಲ ಪ್ರತಿಬಂಧಕ ಗಸ್ತು ಪೂರ್ಣಗೊಂಡಿತೆಂದು 2018ರ ನವೆಂಬರ್ 5ರಂದು ಪ್ರಧಾನಿಯವರು ಪ್ರಕಟಿಸಿದರು. ಎರಡನೆಯ ನೌಕೆ ‘ಅರಿಘಾತ್’ 2024ರ ಆಗಸ್ಟ್ 29ರಂದು ಸೇವೆಗೆ ಬಂದಿತು. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ಮತ್ತು ಚೀನಾಗಳ ಸಾಲಿಗೆ ಹೀಗೆ ಭಾರತ ಆರನೆಯದಾಗಿ ಸೇರಿದೆ.

ಈ ನೌಕೆಗಳ ಕ್ಷಿಪಣಿಗಳಲ್ಲಿ ಕೆ-15ರ ವ್ಯಾಪ್ತಿ ಸುಮಾರು 750 ಕಿ.ಮೀ., ಕೆ-4ರದು ಸುಮಾರು 3500 ಕಿ.ಮೀ. ವ್ಯಾಪ್ತಿ ಹೆಚ್ಚಿದರೆ ಹೆಚ್ಚು ದೂರ ಹೊಡೆಯಬಹುದು ಎಂದಷ್ಟೇ ನಾವು ಯೋಚಿಸುತ್ತೇವೆ. ಜಲಾಂತರ್ಗಾಮಿಯ ಮಟ್ಟಿಗೆ ಅದರ ಅರ್ಥವೇ ಬೇರೆ. ಕ್ಷಿಪಣಿಯ ವ್ಯಾಪ್ತಿ ಕಡಿಮೆಯಿದ್ದರೆ ನೌಕೆ ಶತ್ರುವಿನ ತೀರದ ಹತ್ತಿರಕ್ಕೆ, ಅಂದರೆ ಹುಡುಕುವವರ ಬಾಯಿಗೇ ಹೋಗಬೇಕು. ವ್ಯಾಪ್ತಿ ಹೆಚ್ಚಿದ್ದರೆ ನಮ್ಮದೇ ಕಡಲಿನಲ್ಲಿ ಉಳಿಯಬಹುದು. ಬಂಗಾಳ ಕೊಲ್ಲಿಯ ವಿಸ್ತೀರ್ಣ ಕರ್ನಾಟಕದ ಹನ್ನೊಂದು ಪಟ್ಟಿನಷ್ಟು. ಅಷ್ಟು ದೊಡ್ಡ ನೀರಿನಲ್ಲಿ ನೂರು ಮೀಟರಿಗಿಂತ ಸ್ವಲ್ಪ ಉದ್ದದ, ಸದ್ದು ಮಾಡದ ವಸ್ತುವೊಂದನ್ನು ಹುಡುಕುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ.

ಆಳಕ್ಕೆ ಮಾತು ಇಳಿಸುವುದು

ಅಡಗಿಕೊಳ್ಳುವುದರಲ್ಲಿ ಒಂದು ತೊಡಕಿದೆ. ಹೀಗೆ ಅಡಗಿದ ನೌಕೆಗೆ ದೆಹಲಿಯ ಆದೇಶ ತಲುಪುವುದು ಹೇಗೆ? ಟ್ರಾನ್ಸ್‌ಮಿಟರುಗಳ ಜೊತೆ ಬದುಕುವ ನನ್ನಂಥವನಿಗೆ ಇದು ತುಂಬ ಕುತೂಹಲದ ಸಂಗತಿ. ನಿಮ್ಮ ಮನೆಗೆ ಚಿತ್ರ ತರುವ ತರಂಗಗಳು ಸಮುದ್ರದ ಮೇಲ್ಮೈಯಲ್ಲೇ ಸತ್ತುಹೋಗುತ್ತವೆ. ಕಂಪನಾಂಕ ಕಡಿಮೆಯಾದಷ್ಟೂ ತರಂಗ ಹೆಚ್ಚು ಆಳಕ್ಕಿಳಿಯುತ್ತದೆ. ಹದಿನೈದಿಪ್ಪತ್ತು ಕಿಲೋಹರ್ಟ್ಸ್‌ನ ತರಂಗ ಕೆಲವು ಮೀಟರುಗಳಿಂದ ಹತ್ತಿಪ್ಪತ್ತು ಮೀಟರುಗಳವರೆಗೆ ಇಳಿಯಬಲ್ಲದು. ನೌಕೆ ತಾನು ಆಳದಲ್ಲಿದ್ದು, ಉದ್ದವಾದ ತಂತಿ ಆಂಟೆನಾವನ್ನು ಮೇಲಿನ ನೀರಿಗೆ ತೇಲಿಬಿಟ್ಟು ಅದನ್ನು ಕೇಳಿಸಿಕೊಳ್ಳುತ್ತದೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿರುವ ನೌಕಾಪಡೆಯ ‘ಕಟ್ಟಬೊಮ್ಮನ್’ ಕೇಂದ್ರ 1990ರಿಂದ ಈ ಕೆಲಸಕ್ಕಿದೆ. ಇಂತಹ ಎರಡನೆಯ ಕೇಂದ್ರಕ್ಕೆ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು.

ಅಮೆರಿಕ ಇನ್ನೂ ಕೆಳಕ್ಕಿಳಿದು, 1989ರಿಂದ 2004ರವರೆಗೆ 76 ಹರ್ಟ್ಸ್‌ನ ಕೇಂದ್ರಗಳನ್ನು ನಡೆಸಿತು. ಆ ತರಂಗದ ಒಂದು ಅಲೆಯ ಉದ್ದ ಸುಮಾರು 3900 ಕಿ.ಮೀ., ಅಂದರೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೂರಕ್ಕಿಂತ ಹೆಚ್ಚು! ಅದು ನೂರು ಮೀಟರಿಗೂ ಕೆಳಗೆ ತಲುಪುತ್ತಿತ್ತು. ಆದರೆ ಮೂರು ಅಕ್ಷರದ ಒಂದು ಸಂಕೇತ ಕಳಿಸಲು ಕಾಲು ಗಂಟೆಯಷ್ಟು ಹೊತ್ತು ಹಿಡಿಯುತ್ತಿತ್ತು. ಮೇಲಕ್ಕೆ ಬಂದು ಪೂರ್ಣ ಸಂದೇಶ ಪಡೆದುಕೊ ಎಂದು ಬಾಗಿಲು ತಟ್ಟುವುದಕ್ಕಷ್ಟೇ ಅದು ಸಾಕಾಗಿತ್ತು.

ಇನ್ನೊಂದು ಮಾತು. ಗಸ್ತಿನಲ್ಲಿರುವ ನೌಕೆ ಕೇಳಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ಉತ್ತರಿಸಿದರೆ ತಾನಿರುವ ಜಾಗವನ್ನು ಸಾರಿದಂತೆ. ವಾರಗಟ್ಟಲೆ ಅದು ಎಲ್ಲಿದೆ, ಕ್ಷೇಮವಾಗಿದೆಯೇ ಎಂಬುದು ದಡದಲ್ಲಿರುವವರಿಗೆ ನಿಖರವಾಗಿ ಗೊತ್ತಿರುವುದಿಲ್ಲ. ಒಳಗಿರುವವರಿಗೆ ಮನೆಯವರು ಕಳಿಸಿದ ಮಾತುಗಳು ಬಂದರೂ ಇವರಿಂದ ಮನೆಗೆ ಮಾತು ಹೋಗುವುದಿಲ್ಲ.

ಕೊನೆಯ ಪತ್ರ

ಹಾಗಾದರೆ ದಡದಲ್ಲಿ ಆದೇಶ ಕೊಡುವವರೇ ಉಳಿಯದಿದ್ದರೆ? ಈ ಪ್ರಶ್ನೆಗೆ ಬ್ರಿಟನ್ ಕಂಡುಕೊಂಡ ಉತ್ತರ ವಿಚಿತ್ರವಾಗಿದೆ. 1969ರಿಂದ ಇಂದಿನವರೆಗೆ ಆ ದೇಶದ ಒಂದಾದರೂ ಕ್ಷಿಪಣಿ ಜಲಾಂತರ್ಗಾಮಿ ಸಮುದ್ರದಲ್ಲಿ ಇದ್ದೇ ಇದೆ. ಹೊಸ ಪ್ರಧಾನಿ ಅಧಿಕಾರ ವಹಿಸಿಕೊಂಡ ಕೂಡಲೇ ನಾಲ್ಕು ನೌಕೆಗಳಿಗೂ ಸ್ವಹಸ್ತದಿಂದ ಒಂದೊಂದು ಪತ್ರ ಬರೆಯಬೇಕು. ಲಂಡನ್ ನಾಶವಾಗಿ, ಸರ್ಕಾರವೇ ಇಲ್ಲವಾದರೆ ಕ್ಯಾಪ್ಟನ್ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಪತ್ರ ನೌಕೆಯ ತಿಜೋರಿಯಲ್ಲಿರುತ್ತದೆ. ಪ್ರಧಾನಿ ಅಧಿಕಾರ ಬಿಟ್ಟಾಗ ಅದನ್ನು ತೆರೆಯದೆಯೇ ನಾಶ ಮಾಡುತ್ತಾರೆ. 1976ರಿಂದ 1979ರವರೆಗೆ ಪ್ರಧಾನಿಯಾಗಿದ್ದ ಜೇಮ್ಸ್ ಕ್ಯಾಲಹನ್ ಅವರು ಮುಂದೆ ಸಂದರ್ಶನವೊಂದರಲ್ಲಿ, ಅನಿವಾರ್ಯವಾಗಿದ್ದರೆ ತಾನು ಆದೇಶ ಕೊಡುತ್ತಿದ್ದುದಾಗಿಯೂ, ಆಮೇಲೆ ಬದುಕಿ ಉಳಿದಿದ್ದರೆ ತನ್ನನ್ನು ತಾನು ಎಂದೂ ಕ್ಷಮಿಸಿಕೊಳ್ಳಲಾಗುತ್ತಿರಲಿಲ್ಲವೆಂದೂ ಹೇಳಿದರು.

ನಮ್ಮಲ್ಲಿ ಅಣ್ವಸ್ತ್ರ ಬಳಕೆಗೆ ಅನುಮತಿ ಕೊಡುವ ಅಧಿಕಾರ ಪ್ರಧಾನಿಯ ಅಧ್ಯಕ್ಷತೆಯ ರಾಜಕೀಯ ಮಂಡಳಿಗೆ ಮಾತ್ರ ಇದೆ. ನೆಲದ ಮೇಲೆ ಸಿಡಿತಲೆ ಒಂದೆಡೆ, ಕ್ಷಿಪಣಿ ಇನ್ನೊಂದೆಡೆ ಇಡುವುದು ಭಾರತದ ಬಹುಕಾಲದ ಎಚ್ಚರಿಕೆಯ ಕ್ರಮವಾಗಿತ್ತು ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಗಸ್ತಿಗೆ ಹೊರಟ ಜಲಾಂತರ್ಗಾಮಿಯಲ್ಲಿ ಈ ಅಂತರಕ್ಕೆ ಜಾಗವಿಲ್ಲ. ಅಲ್ಲಿ ಎರಡೂ ಒಂದೇ ಕೊಳವೆಯಲ್ಲಿರಬೇಕು. ದೂರ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಸಂಕೇತ, ಬೀಗ, ನಿಯಮ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರ ಶಿಸ್ತು ಮಾಡಬೇಕು. ಈ ನೌಕೆಗಳ ಬಗ್ಗೆ ನಾಗರಿಕರಾದ ನಾವು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ನೌಕೆಗಳ ಸಂಖ್ಯೆ, ಕ್ಷಿಪಣಿಯ ದೂರ ಇವುಗಳ ಬಗ್ಗೆ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಆದೇಶವಿಲ್ಲದೆ ಎಂದೂ ಹಾರದಂತೆ, ಆದೇಶ ಬಂದಾಗ ತಪ್ಪದಂತೆ ಕಾಯುವ ವ್ಯವಸ್ಥೆಯ ಬಗ್ಗೆ ನಡೆಯುವುದು ಕಡಿಮೆ.

ಅಪಾಯ ಶತ್ರುವಿನಿಂದಲೇ ಬರಬೇಕೆಂದೇನೂ ಇಲ್ಲ. 1986ರ ಅಕ್ಟೋಬರ್ 3ರಂದು ಬರ್ಮುಡಾ ದ್ವೀಪದ ಈಶಾನ್ಯಕ್ಕೆ, ಸೋವಿಯತ್ ನೌಕೆ ಕೆ-219ರ ಕ್ಷಿಪಣಿ ಕೊಳವೆಯೊಂದಕ್ಕೆ ಸಮುದ್ರದ ನೀರು ನುಗ್ಗಿ, ಇಂಧನದೊಡನೆ ಬೆರೆತು ಸ್ಫೋಟವಾಯಿತು. ರಿಯಾಕ್ಟರಿನ ನಿಯಂತ್ರಣ ಸರಳುಗಳು ತಾವಾಗಿ ಕೆಳಗಿಳಿಯಲಿಲ್ಲ. ಸೆರ್ಗೆಯ್ ಪ್ರೆಮಿನಿನ್ ಎಂಬ ಇಪ್ಪತ್ತು ವರ್ಷದ ನಾವಿಕ ಕುದಿಯುವಂಥ ಬಿಸಿಯ ಕೋಣೆಯೊಳಗೆ ಹೋಗಿ ಅವನ್ನು ಕೈಯಿಂದಲೇ ಇಳಿಸಿ ರಿಯಾಕ್ಟರನ್ನು ನಿಲ್ಲಿಸಿದ. ಒತ್ತಡದಿಂದ ಬಾಗಿಲು ಬಿಗಿದುಹೋಗಿ ಅವನಿಗೆ ಹೊರಬರಲಾಗಲಿಲ್ಲ. ಮೂರು ದಿನಗಳ ನಂತರ ನೌಕೆ ಸಿಡಿತಲೆಗಳ ಸಮೇತ ಮುಳುಗಿತು. ಅದು ಇಂದಿಗೂ ಅಟ್ಲಾಂಟಿಕ್ ಸಾಗರದ ತಳದಲ್ಲಿದೆ.

ಪತ್ರ ಬರೆದ ಶಿಕ್ಷಕರಿಗೆ ಈಗ ಉತ್ತರ ಹೇಳುತ್ತೇನೆ. ಗುರುಗಳೇ, ಈ ನೌಕೆಯನ್ನು ಕಟ್ಟಿರುವುದು ಕ್ಷಿಪಣಿ ಹಾರಿಸಲೆಂದಲ್ಲ, ಹಾರಿಸುವ ಆತುರ ಯಾರಿಗೂ ಬಾರದಿರಲೆಂದು. ಅದು ಕೊಂಡುಕೊಡುವುದು ಸಮಯ. ಸಂಕಟದ ಹೊತ್ತಿನಲ್ಲಿ ದೆಹಲಿಯಲ್ಲಿ ಕುಳಿತವರಿಗೆ ಯೋಚಿಸಲು ಸಿಗುವ ಕೆಲವು ಗಂಟೆಗಳು ಅಥವಾ ಕೆಲವು ದಿನಗಳು. ಆ ಸಮಯವನ್ನು ವಿವೇಕದಿಂದ ಬಳಸುವುದು ಯಂತ್ರದ ಕೈಯಲ್ಲಿಲ್ಲ. ಅದಕ್ಕೆ ತಕ್ಕವರನ್ನು ಆರಿಸುವುದು, ಆರಿಸಿದವರನ್ನು ಪ್ರಶ್ನಿಸುತ್ತಿರುವುದು ನಮ್ಮ ನಿಮ್ಮೆಲ್ಲರ ಕೆಲಸ. ನಿಮ್ಮ ಪ್ರಶ್ನೆಯೂ ಅಂಥದ್ದೇ ಆದ್ದರಿಂದ, ದಯವಿಟ್ಟು ಮತ್ತೆ ಬರೆಯಿರಿ.