ಎರಡು ಬಾಗಿಲಿನ ಕಂಪ್ಯೂಟರು

ನಮ್ಮ ಸದಸ್ಯರಲ್ಲಿ ಅನೇಕರು ಈಚೆಗೆ ತೋಟದ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲೇ ಇಡುತ್ತಿರುವುದು ಸಂತೋಷದ ಸಂಗತಿ. ಕೂಲಿ ಪಟ್ಟಿ, ಗೊಬ್ಬರದ ಖರ್ಚು, ಅಡಿಕೆ ಮಂಡಿಯ ಬಿಲ್ಲು, ಕಾಫಿ ಕ್ಯೂರಿಂಗಿನ ರಸೀದಿ ಎಲ್ಲವೂ ಆ ಪೆಟ್ಟಿಗೆಯೊಳಗೆ ಸೇರಿವೆ. ಹೀಗಿರುವಾಗ 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿದರು. ಅಂದಿನಿಂದ ಸದಸ್ಯರ ಮನೆಗಳಲ್ಲಿ ವಿಂಡೋಸ್ 11ರ ಹಬ್ಬ. ಹಾಗೆಯೇ ಸುಮ್ಮನೆ ಬದಲಾಯಿಸುವ ಬದಲು, ಹೇಗೂ ಖರ್ಚಾಗುತ್ತದೆಂದು ಹಳೆಯ ಹಾರ್ಡ್ ಡಿಸ್ಕಿನ ಜೊತೆಗೆ ಎಸ್.ಎಸ್.ಡಿ. ಎಂಬ ಹೊಸ ಡಿಸ್ಕನ್ನೂ ಹಾಕಿಸಿಕೊಳ್ಳುವವರು ಬಹಳ. ಇದು ಒಳ್ಳೆಯ ಖರ್ಚೇ. ತಿರುಗುವ ತಟ್ಟೆಯಿಲ್ಲದ ಈ ಡಿಸ್ಕಿನಲ್ಲಿ, ಕಾಫಿ ಕುದಿಯುವವರೆಗೆ ಕಾಯಿಸುತ್ತಿದ್ದ ಯಂತ್ರವೂ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ.

ಆದರೆ ಹೊಸ ಡಿಸ್ಕು ಬಂದ ಮನೆಗಳಿಂದಲೇ ಸಂಘದ ಕಚೇರಿಗೆ ಹೆಚ್ಚು ದೂರವಾಣಿ ಕರೆಗಳು ಬರುತ್ತಿವೆ. ಕರೆ ಮಾಡುವವರ ದೂರು ಹೆಚ್ಚುಕಡಮೆ ಒಂದೇ. ಯಂತ್ರ ಚಾಲೂ ಮಾಡಿದ ಕೂಡಲೇ ನೀಲಿ ಪರದೆಯೊಂದು ಬಂದು, ವಿಂಡೋಸ್ 11 ಬೇಕೋ ವಿಂಡೋಸ್ 10 ಬೇಕೋ ಎಂದು ಕೇಳುತ್ತದೆ. ಇದಕ್ಕೆ ಬೂಟ್ ಮೆನು ಎನ್ನುತ್ತಾರೆ. (ಮಳೆಗಾಲದಲ್ಲಿ ನಾವು ಹಾಕುವ ಗಂಬೂಟಿಗೂ ಇದಕ್ಕೂ ಸಂಬಂಧ ಇಲ್ಲವೇ ಇಲ್ಲ ಎನ್ನುವಂತಿಲ್ಲ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ಇಂಗ್ಲಿಷ್ ಮಾತಿನಿಂದಲೇ ಈ ಶಬ್ದ ಹುಟ್ಟಿದೆ.) ಮೆನು ನೋಡಲು ನಿರುಪದ್ರವಿ. ಅದರ ಹಿಂದೆ ಅಡಗಿರುವ ವಿಷಯ ಮಾತ್ರ ಹಾಗಲ್ಲ. ಅದನ್ನು ತಿಳಿಯಲು ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದುದನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇವೆ.

ಅವರಿಗೆ ನಾಲ್ಕು ಎಕರೆ ತೋಟ, ಅಡಿಕೆಯ ನಡುವೆ ಕಾಫಿ. 2025ರ ನವೆಂಬರಿನಲ್ಲಿ ಪೇಟೆಯ ರಿಪೇರಿಯವರೊಬ್ಬರು ಬಂದು ಹೊಸ ಡಿಸ್ಕು ಹಾಕಿ, ಅದರಲ್ಲಿ ವಿಂಡೋಸ್ 11 ಕೂರಿಸಿ, ಲೆಕ್ಕದ ಕಡತಗಳ ಪ್ರತಿಯನ್ನು ಅದಕ್ಕೂ ಹಾಕಿ, ಹಳೆಯ ಡಿಸ್ಕನ್ನು ಇದ್ದಲ್ಲೇ ಬಿಟ್ಟು ಹೋದರು. ಸದಸ್ಯರ ಸೊಸೆಗೆ ಹಳೆಯದೇ ರೂಢಿ. ಪ್ರಿಂಟರೂ ಅದರಲ್ಲೇ ಓಡುತ್ತಿತ್ತು. ಆಕೆ ಮೆನುವಿನಲ್ಲಿ ವಿಂಡೋಸ್ 10 ಆರಿಸಿ ಕೂಲಿ ಬರೆದಿಡುತ್ತಿದ್ದರು. ಸಂಜೆ ಕೂರುವ ಸದಸ್ಯರು ಮೆನುವನ್ನು ಮುಟ್ಟುತ್ತಲೇ ಇರಲಿಲ್ಲ. ಮುಟ್ಟದಿದ್ದರೆ ಮೂವತ್ತು ಸೆಕೆಂಡು ಕಾದು ಯಂತ್ರ ತಾನಾಗಿ ಹೊಸದರೊಳಗೆ ಹೋಗುತ್ತದೆ. ಹೀಗೆ ಒಂದೇ ಮೇಜಿನ ಮೇಲೆ, ಒಂದೇ ಹೆಸರಿನ ಎರಡು ಕೂಲಿ ಪುಸ್ತಕಗಳು ಬೆಳೆಯತೊಡಗಿದವು. ಮಾವ ಒಂದರಲ್ಲಿ, ಸೊಸೆ ಇನ್ನೊಂದರಲ್ಲಿ. ಎರಡೂ ತೆರೆದರೆ ಹಳೆಯ ಲೆಕ್ಕವೆಲ್ಲ ಸರಿಯಾಗಿ ಕಾಣುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಬಟವಾಡೆಯ ದಿನ ವಿಷಯ ಹೊರಬಿತ್ತು. ಕಣದ ಕೆಲಸಕ್ಕೆ ಬರುವ ಹಿರಿಯ ಹೆಂಗಸೊಬ್ಬರು ತಾವು ಬಂದದ್ದು ಹತ್ತು ದಿನ ಎಂದರು. ಕಂಪ್ಯೂಟರಿನಲ್ಲಿ ಇದ್ದದ್ದು ಆರು. "ನಾನು ಓದಿದವಳಲ್ಲ ಅಯ್ಯಾ, ಆದರೆ ಬಂದ ದಿನ ಎಣಿಸೋದಕ್ಕೆ ಬರುತ್ತೆ" ಎಂದು ಆಕೆ ಆರು ದಿನದ ಹಣವನ್ನೂ ಮುಟ್ಟದೆ ಎದ್ದು ಹೋದರಂತೆ. ಇಪ್ಪತ್ತು ವರ್ಷ ಬಂದುಹೋಗುತ್ತಿದ್ದ ಆಳು. ಕೊಯ್ಲಿನ ನಡುವೆ ಹೀಗಾದರೆ ಏನು ಗತಿ ಎಂಬುದನ್ನು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಆದರೂ ಮನೆಯವರು ನಂಬಿದ್ದು ಯಂತ್ರವನ್ನೇ. ಕಾಗದದ ಪುಸ್ತಕವಾಗಿದ್ದರೆ ಹಿಂದಿನ ಹಾಳೆ ತಿರುವಿ ನೋಡುತ್ತಿದ್ದೆವು; ಪರದೆಯ ಮೇಲಿನ ಅಂಕಿಗೆ ಏಕೋ ನಾವು ಬೇಗ ತಲೆಬಾಗುತ್ತೇವೆ.

ಈ ನಡುವೆ, ಮೆನುವಿನ ಕಾಟ ತಪ್ಪಿಸಲೆಂದು ಬೆಂಗಳೂರಿನಿಂದ ಬಂದ ನೆಂಟರ ಹುಡುಗನೊಬ್ಬ ಹಳೆಯ ಡಿಸ್ಕಿನ ತಂತಿಗಳನ್ನು ಕಿತ್ತುಬಿಟ್ಟ. ಹಳೆಯದನ್ನು ತೆಗೆದರೆ ಹೊಸದೊಂದೇ ಉಳಿಯುತ್ತದೆ ಎಂಬುದು ಅವನ ತರ್ಕ. ಯಾರಿಗಾದರೂ ಹಾಗೆಯೇ ತೋರುತ್ತದೆ. ಮರುದಿನ ಬೆಳಗ್ಗೆ ನಮಗೆ ಕರೆ ಬಂತು: "ಕಾರ್ಯದರ್ಶಿಗಳೇ, ಎರಡೂ ಹೋಯ್ತು ಮಾರಾಯ್ರೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬಿಟ್ಟರೆ ಏನೂ ಇಲ್ಲ." ಸರಿಯಾದ ಬೂಟ್ ಸಾಧನವನ್ನು ಆರಿಸಿ ಎಂಬರ್ಥದ ಇಂಗ್ಲಿಷ್ ಸಾಲು ಅದು.

ಹೊಸ ಡಿಸ್ಕಿನಲ್ಲಿ ವಿಂಡೋಸ್ 11 ಪೂರ್ತಿಯಾಗಿ ಇದ್ದರೂ ಯಂತ್ರ ಏಕೆ ಏಳಲಿಲ್ಲ? ಈ ಲೇಖನದ ತಿರುಳು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಗುಂಡಿ ಒತ್ತಿದೊಡನೆ ಮೊದಲು ಏಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಸಣ್ಣ ಕಾರ್ಯಕ್ರಮವೊಂದಿದೆ. ಹಳೆಯ ಯಂತ್ರಗಳಲ್ಲಿ ಅದನ್ನು ಬಯಾಸ್ ಎನ್ನುತ್ತಿದ್ದರು, ಈಗಿನವುಗಳಲ್ಲಿ ಯು.ಇ.ಎಫ್.ಐ. ಅದು ಯಂತ್ರದ ಅಂಗಾಂಗಗಳನ್ನು ತಪಾಸಣೆ ಮಾಡಿ, ಯಾವ ಡಿಸ್ಕನ್ನು ಮೊದಲು ನೋಡಬೇಕೆಂಬ ತನ್ನ ಪಟ್ಟಿಯಂತೆ ಹೋಗಿ, ಅಲ್ಲಿ ಇ.ಎಫ್.ಐ. ವಿಭಾಗ ಎಂಬ ಪುಟ್ಟ ಕೋಣೆಯನ್ನು ಹುಡುಕುತ್ತದೆ. ಬಹುಪಾಲು ನೂರಿನ್ನೂರು ಎಂ.ಬಿ.ಯಷ್ಟೇ ದೊಡ್ಡದಾದ ಈ ಕೋಣೆಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಕಾವಲುಗಾರ ಕುಳಿತಿರುತ್ತಾನೆ. ಯಾವ ವಿಂಡೋಸ್ ಯಾವ ಡಿಸ್ಕಿನಲ್ಲಿದೆ ಎಂಬ ಯಾದಿ ಅವನ ಕೈಯಲ್ಲಿರುತ್ತದೆ. ಯಾದಿಯಲ್ಲಿ ಒಂದೇ ಹೆಸರಿದ್ದರೆ ನೇರವಾಗಿ ಎಬ್ಬಿಸುತ್ತಾನೆ, ಎರಡಿದ್ದರೆ ನಮ್ಮನ್ನು ಕೇಳುತ್ತಾನೆ. ಆ ಕೇಳುವಿಕೆಯೇ ಬೂಟ್ ಮೆನು.

ಹಳೆಯ ಡಿಸ್ಕು ಯಂತ್ರದಲ್ಲಿ ಇರುವಾಗಲೇ ಹೊಸದರಲ್ಲಿ ವಿಂಡೋಸ್ ಕೂರಿಸಿದರೆ, ಅದು ಅನೇಕ ವೇಳೆ ಹೊಸ ಡಿಸ್ಕಿನಲ್ಲಿ ಬೇರೆ ಕೋಣೆ ಕಟ್ಟುವುದಿಲ್ಲ. ಹಳೆಯ ಡಿಸ್ಕಿನಲ್ಲಿ ಒಬ್ಬ ಕಾವಲುಗಾರ ಇದ್ದಾನಲ್ಲ ಎಂದು ಅವನ ಯಾದಿಯಲ್ಲೇ ತನ್ನ ಹೆಸರನ್ನೂ ಬರೆಸಿಬಿಡುತ್ತದೆ. ಸಂಸಾರ ಹೊಸ ಮನೆಯಲ್ಲಿ, ಬೀಗದ ಕೈ ಹಳೆಯ ಮನೆಯ ಮೊಳೆಯಲ್ಲಿ. ಹಳೆಯ ಮನೆ ಕೆಡವಿದ ದಿನ ಹೊಸ ಮನೆಗೂ ಹೋಗಲಾಗದು. ಆ ಹುಡುಗ ಕಿತ್ತದ್ದು ಬೀಗದ ಕೈಯನ್ನು. ಹೊಸ ವಿಂಡೋಸ್ ಕೂರಿಸುವ ಮೊದಲು ಹಳೆಯ ಡಿಸ್ಕಿನ ತಂತಿಯನ್ನು ಬಿಚ್ಚಿಟ್ಟು, ಆಮೇಲೆ ಮತ್ತೆ ಸಿಕ್ಕಿಸುವುದು ಐದು ನಿಮಿಷದ ಕೆಲಸ. ಅಷ್ಟನ್ನು ಮಾಡಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ಸದಸ್ಯರು ಮುಂದೆ ಯಾರಿಂದ ಕೆಲಸ ಮಾಡಿಸಿದರೂ ಈ ಒಂದು ಮಾತನ್ನು ಬಾಯಿಬಿಟ್ಟು ಹೇಳತಕ್ಕದ್ದು.

ನಾವು ಹೋದಾಗ ಮಾಡಿದ ಮೊದಲ ಕೆಲಸ, ಪ್ಲಗ್ಗು ತೆಗೆದು ಹಳೆಯ ಡಿಸ್ಕಿನ ಎರಡೂ ತಂತಿಗಳನ್ನು ಮರಳಿ ಸಿಕ್ಕಿಸಿದ್ದು. ಯಂತ್ರ ಎದ್ದಿತು, ನೀಲಿ ಮೆನು ಬಂತು. ಆ ಮೆನುವನ್ನು ಕಂಡು ಮನೆಯವರು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು. ಎರಡನೆಯ ಕೆಲಸ, ಬೇರೇನನ್ನೂ ಮುಟ್ಟದೆ ಎರಡೂ ಕಡೆಯ ಲೆಕ್ಕದ ಕಡತಗಳನ್ನು ಪೆನ್ ಡ್ರೈವಿಗೆ ತೆಗೆದುಕೊಂಡದ್ದು. ಇಲ್ಲಿ ಎರಡು ಎಚ್ಚರ ಬೇಕು. ವಿಂಡೋಸ್ 10ರ ಒಳಗೆ ನಿಂತು ನೋಡಿದರೆ ಅದರ ಡಿಸ್ಕೇ ಸಿ, ಹೊಸ ಡಿಸ್ಕು ಡಿ ಅಥವಾ ಬೇರೊಂದು ಅಕ್ಷರ. ವಿಂಡೋಸ್ 11ರ ಒಳಗಿಂದ ನೋಡಿದರೆ ಹೊಸದೇ ಸಿ, ಹಳೆಯದೇ ಡಿ. ಎದುರು ಬದುರು ಮನೆಯವರಿಬ್ಬರೂ ತಮ್ಮದನ್ನು ಈಚೆ ಮನೆ, ಇನ್ನೊಂದನ್ನು ಆಚೆ ಮನೆ ಎಂದಂತೆ. ಆದ್ದರಿಂದ ಸಿ ಡ್ರೈವಿನಲ್ಲಿದೆ ಎಂದರೆ ಸಾಲದು, ಯಾವ ವಿಂಡೋಸಿನ ಸಿ ಎಂದು ಕೇಳಬೇಕು. ಇನ್ನೊಂದು, ಕಡತಗಳ ಹೆಸರು ಒಂದೇ ಆಗಿರುವುದರಿಂದ ಒಂದರ ಮೇಲೆ ಒಂದನ್ನು ಪ್ರತಿ ಮಾಡಿದರೆ ಮೊದಲಿನದು ಅಳಿದುಹೋಗುತ್ತದೆ. ಯಂತ್ರ ಬದಲಿಸಲೇ ಎಂದು ಕೇಳುತ್ತದೆ, ಅವಸರದಲ್ಲಿ ನಾವು ಹೌದು ಎನ್ನುತ್ತೇವೆ. ಹಾಗಾಗಿ ಮೊದಲೇ ಹೆಸರು ಬದಲಿಸಿ, ಒಂದಕ್ಕೆ ಹಳೆಮನೆ, ಇನ್ನೊಂದಕ್ಕೆ ಹೊಸಮನೆ ಎಂದು ಸೇರಿಸಿಕೊಂಡೆವು.

ಎರಡು ಪಟ್ಟಿಗಳನ್ನೂ ಅಚ್ಚು ಮಾಡಿಸಿ ಪಕ್ಕಪಕ್ಕ ಇಟ್ಟಾಗ ಹೊಸದರಲ್ಲಿ ಆರು ದಿನ, ಹಳೆಯದರಲ್ಲಿ ನಾಲ್ಕು ದಿನ, ತಾರೀಖು ಒಂದಕ್ಕೊಂದು ತಾಗದಂತೆ, ಸರಿಯಾಗಿ ಹತ್ತು. ಬೇರೆ ಇಬ್ಬರದೂ ಹೀಗೆಯೇ ಕಡಮೆ ಬಿದ್ದಿತ್ತು. ಒಬ್ಬರ ಮುಂಗಡ ಎರಡೂ ಕಡೆ ಬರೆದು ಎರಡು ಸಲ ಮುರಿದಿತ್ತು. ಸದಸ್ಯರು ಅಂದು ಸಂಜೆಯೇ ಆ ಹೆಂಗಸಿನ ಮನೆಗೆ ತಾವೇ ಹೋಗಿ ಹಣ ಕೊಟ್ಟು ಬಂದರು. ಆಕೆ ಎಣಿಸಿ ತೆಗೆದುಕೊಂಡರಂತೆ. ಅದೂ ಸರಿಯೇ.

ಇನ್ನು ಬೀಗದ ಕೈಯನ್ನು ಹೊಸ ಮನೆಗೆ ತರುವ ಕೆಲಸ. ವಿಂಡೋಸ್ 11ರೊಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಯಾವ ಡಿಸ್ಕಿನ ಮೇಲೆ ಇ.ಎಫ್.ಐ. ಎಂಬ ವಿಭಾಗವಿದೆ ಎಂದು ಚಿತ್ರದಂತೆ ಕಾಣುತ್ತದೆ. ಕಾವಲುಗಾರ ಇರುವ ಕೋಣೆಗೆ ಮೈಕ್ರೋಸಾಫ್ಟಿನವರು ಸಿಸ್ಟಂ ವಿಭಾಗವೆಂದೂ, ವಿಂಡೋಸ್ ಇರುವ ಕೋಣೆಗೆ ಬೂಟ್ ವಿಭಾಗವೆಂದೂ ಹೆಸರಿಟ್ಟಿದ್ದಾರೆ. ಕೇಳಿದವರಿಗೆ ತಿರುವುಮುರುವಾಗಿ ತೋರುತ್ತದೆ, ನಮಗೂ ಹಾಗೆಯೇ ತೋರುತ್ತದೆ, ಏನು ಮಾಡುವುದು. ಹೊಸ ಡಿಸ್ಕಿನಲ್ಲಿ ಆ ಕೋಣೆ ಇಲ್ಲವೆಂದು ಖಚಿತವಾದ ಮೇಲೆ ಸಿ ವಿಭಾಗವನ್ನು ಮುನ್ನೂರು ಎಂ.ಬಿ.ಯಷ್ಟು ಕುಗ್ಗಿಸಿ, ಖಾಲಿಯಾದ ಜಾಗದಲ್ಲಿ ಡಿಸ್ಕ್‌ಪಾರ್ಟ್ ಎಂಬ ಸಾಧನದಿಂದ ಇ.ಎಫ್.ಐ. ವಿಭಾಗ ನಿರ್ಮಿಸಿ, ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಎಸ್ ಎಂಬ ಅಕ್ಷರ ಕೊಟ್ಟು, ಬಿ.ಸಿ.ಡಿ. ಬೂಟ್ ಎಂಬ ಆಜ್ಞೆಯಿಂದ ಹೊಸ ಕಾವಲುಗಾರನನ್ನು ಅಲ್ಲಿ ಕೂರಿಸಿದೆವು. ಡಿಸ್ಕ್‌ಪಾರ್ಟಿನಲ್ಲಿ ಡಿಸ್ಕಿನ ಸಂಖ್ಯೆ ತಪ್ಪಿದರೆ ಬೇರೆ ಡಿಸ್ಕೇ ಬರಿದಾಗಬಹುದು. ಕೈಪಳಗದವರು ಇದನ್ನು ತಾವೇ ಮಾಡಹೋಗದೆ ಬಲ್ಲವರಿಂದ ಮಾಡಿಸುವುದು ಕ್ಷೇಮ. ಆದರೆ ಏನು ಮಾಡಿಸಬೇಕೆಂಬುದು ಮಾಲೀಕರಿಗೆ ತಿಳಿದಿರಬೇಕು. ಕೊನೆಗೆ ಯು.ಇ.ಎಫ್.ಐ. ಪಟ್ಟಿಯಲ್ಲಿ ಹೊಸ ಡಿಸ್ಕಿನ ಹೆಸರನ್ನು ಮೊದಲಿಗೆ ತಂದು, ಹಳೆಯ ಡಿಸ್ಕಿನ ತಂತಿ ಬಿಚ್ಚಿ ಪರೀಕ್ಷಿಸಿದೆವು. ಈ ಸಲ ಯಂತ್ರ ಏನನ್ನೂ ಕೇಳದೆ ನೇರವಾಗಿ ಎದ್ದಿತು. ಹಳೆಯ ಡಿಸ್ಕು ಈಗ ಯು.ಎಸ್.ಬಿ. ಪೆಟ್ಟಿಗೆಯೊಂದರಲ್ಲಿ ಕೂತು, ವಾರಕ್ಕೊಮ್ಮೆ ಲೆಕ್ಕದ ಪ್ರತಿ ಪಡೆಯುತ್ತಿದೆ.

ಎರಡೂ ವಿಂಡೋಸ್ ಕೆಲವು ದಿನ ಬೇಕು ಎನ್ನುವವರು ಇಷ್ಟೆಲ್ಲ ಮಾಡಬೇಕಿಲ್ಲ. ಎಂ.ಎಸ್. ಕಾನ್ಫಿಗ್ ಎಂಬುದನ್ನು ತೆರೆದು ಬೂಟ್ ಎಂಬ ಪುಟಕ್ಕೆ ಹೋದರೆ, ಈಗ ಓಡುತ್ತಿರುವುದು ಯಾವುದು, ತಾನಾಗಿ ಏಳುವುದು ಯಾವುದು ಎರಡೂ ಬರೆದಿರುತ್ತದೆ. ಅಲ್ಲೇ ಬದಲಿಸಬಹುದು, ಕಾಯುವ ಅವಧಿಯನ್ನೂ ಇಳಿಸಬಹುದು. ಆ ಪಟ್ಟಿಯಿಂದ ಒಂದು ಸಾಲನ್ನು ಅಳಿಸಿದರೆ ಹೆಸರಷ್ಟೇ ಹೋಗುತ್ತದೆ, ಡಿಸ್ಕಿನಲ್ಲಿರುವ ಕಡತ ಹಾಗೆಯೇ ಇರುತ್ತದೆ. ಲೆಕ್ಕ ಬರೆಯುವುದು ಮಾತ್ರ ಒಂದೇ ಕಡೆ ಎಂದು ಮನೆಮಂದಿಯೆಲ್ಲ ಮಾತಾಡಿಕೊಳ್ಳಬೇಕು.

ಬೂಟ್ ಪಟ್ಟಿಗೆ ಕೈಹಾಕುವ ಮುನ್ನ ಇನ್ನೊಂದು ಮಾತು. ವಿಂಡೋಸ್ 11 ಇರುವ ಹಲವು ಯಂತ್ರಗಳಲ್ಲಿ ಡಿಸ್ಕು ತಾನಾಗಿ ಬಿಟ್‌ಲಾಕರ್ ಬೀಗ ಹಾಕಿಕೊಂಡಿರುತ್ತದೆ. ಯು.ಇ.ಎಫ್.ಐ.ಯಲ್ಲಿ ಬದಲಾವಣೆ ಕಂಡರೆ ಅದು 48 ಅಂಕಿಗಳ ಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಸರಿಯಿರುವಾಗಲೇ ಕಾಗದದ ಮೇಲೆ ಬರೆದು, ತೋಟದ ಪಹಣಿ ಇಡುವಲ್ಲೇ ಇಡಿ. ಖಾತೆ ಮಗನ ಹೆಸರಿನಲ್ಲಿದ್ದು ಮಗ ವಿದೇಶದಲ್ಲಿದ್ದರೆ ಇಂದೇ ಕೇಳಿಕೊಳ್ಳಿ. ಹಾಗೆಯೇ, ಎಲ್ಲ ಸರಿಯಾಗಿದ್ದ ಯಂತ್ರ ಇದ್ದಕ್ಕಿದ್ದಂತೆ ತಾರೀಖು ಮರೆತು ಬೂಟ್ ಪಟ್ಟಿಯನ್ನೂ ಮರೆತರೆ, ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿ.ಆರ್. 2032 ಬ್ಯಾಟರಿ ಮುಗಿದಿರಬಹುದು. ಕರೆಂಟು ದಿನಗಟ್ಟಲೆ ಹೋಗುವ ನಮ್ಮ ಕಡೆ ಇದು ಅಪರೂಪವಲ್ಲ. ದೊಡ್ಡ ಖರ್ಚೇನಲ್ಲ, ಪೇಟೆಯ ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ.

ಈ ಬಗೆಯ ತೊಂದರೆಯಿರುವ ಸದಸ್ಯರು ಶನಿವಾರ ಮಧ್ಯಾಹ್ನ ಎರಡರ ನಂತರ ಯಂತ್ರವನ್ನು ಸಂಘದ ಕಚೇರಿಗೆ ತಂದರೆ ಕುಳಿತು ನೋಡೋಣ. ಪೆಟ್ಟಿಗೆ, ಖಾಲಿ ಪೆನ್ ಡ್ರೈವ್ ಒಂದು ಮತ್ತು ಆ 48 ಅಂಕಿಗಳ ಕಾಗದ ಇವಿಷ್ಟು ಸಾಕು. ಮಾನಿಟರು, ಕೀಲಿಮಣೆ ಹೊತ್ತು ತರುವುದು ಬೇಡ, ಅವು ಕಚೇರಿಯಲ್ಲಿವೆ.