ತೈಲ ಹಡಗು ಒಡೆದರೆ ಏನಾಗುತ್ತದೆ? ಕಾರವಾರ ಮತ್ತು ಅಲಾಸ್ಕ ಕಲಿಸಿದ ಪಾಠ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ತಾಲ್ಲೂಕುಗಳನ್ನು ದಾಟಿ, ಜೋಗದಲ್ಲಿ ಧುಮುಕಿ, ಚತುರ್ಮುಖ ಬಸದಿಯಿರುವ ಗೇರುಸೊಪ್ಪೆಯ ಮೂಲಕ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮಲೆನಾಡಿನವರಾದ ನಮಗೆ ಸಮುದ್ರ ದೂರದ್ದೆನಿಸಬಹುದು. ಆದರೆ ನಮ್ಮ ಹೊಳೆ ಸೇರುವ ಆ ಕರಾವಳಿಯೂ ತೈಲ ಸೋರಿಕೆಯನ್ನು ಕಂಡಿದೆ.

2006ರ ಮೇ 30ರಂದು, ಮುಂಗಾರಿನ ಬಿರುಸಿಗೆ ಸಿಕ್ಕಿದ ‘ಓಷನ್ ಸೆರಾಯ’ ಎಂಬ ಸರಕು ಹಡಗು ಕಾರವಾರದ ಬಳಿ ಆಯಿಸ್ಟರ್ ರಾಕ್ ದ್ವೀಪದ ಬಂಡೆಗಳಿಗೆ ಸಿಕ್ಕಿಕೊಂಡು ಒಡೆಯಿತು. ಅದರಲ್ಲಿದ್ದ ಇಂಧನ ಸುಮಾರು 650 ಟನ್ ಫರ್ನೇಸ್ ಆಯಿಲ್. ಸೋರಿದ ಎಣ್ಣೆ ಕಾರವಾರದ ಮರಳು ತೀರಗಳಿಗೆ ಬಡಿದು, ಗೋವಾದ ತೀರವನ್ನೂ ಮುಟ್ಟಿತು. ಅದು ತೈಲ ಸಾಗಿಸುವ ಟ್ಯಾಂಕರ್ ಆಗಿರಲಿಲ್ಲ. ಚೆಲ್ಲಿದ್ದು ಅದರ ಎಂಜಿನ್ನಿನ ಇಂಧನ ಮಾತ್ರ. ತುಂಬಿದ ಟ್ಯಾಂಕರ್ ಒಡೆದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕದ ಘಟನೆಯನ್ನು ನೋಡಬೇಕು.

ಕಾರಣಗಳು

1989ರ ಮಾರ್ಚ್ 24ರ ಮಧ್ಯರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ‘ಎಕ್ಸಾನ್ ವಾಲ್ಡೀಜ್’ ಟ್ಯಾಂಕರ್ ಬ್ಲೈ ರೀಫ್ ಎಂಬ ಬಂಡೆಸಾಲಿಗೆ ಅಪ್ಪಳಿಸಿತು. ಸುಮಾರು 37,000 ಟನ್ ಕಚ್ಚಾತೈಲ ಸಮುದ್ರ ಸೇರಿತು. ತೇಲುವ ಮಂಜುಗಡ್ಡೆಗಳನ್ನು ತಪ್ಪಿಸಲು ಹಡಗು ತನ್ನ ಮಾರ್ಗ ಬಿಟ್ಟಿತ್ತು. ಕ್ಯಾಪ್ಟನ್ ಚಾಲನಾ ಕೊಠಡಿಯಲ್ಲಿರಲಿಲ್ಲ. ಹಡಗು ದಣಿದಿದ್ದ ಕಿರಿಯ ಅಧಿಕಾರಿಯ ಕೈಯಲ್ಲಿತ್ತು. ಸಿಬ್ಬಂದಿಯ ಅತಿಯಾದ ಕೆಲಸದ ಹೊರೆ, ದಡದಿಂದ ನಡೆಯಬೇಕಿದ್ದ ನಿಗಾದಲ್ಲಿನ ಲೋಪವನ್ನೂ ತನಿಖೆ ಗುರುತಿಸಿತು. ಮೊದಲ ದಿನಗಳಲ್ಲಿ ಸಮುದ್ರ ಶಾಂತವಾಗಿದ್ದರೂ ತೈಲವನ್ನು ತಡೆಯುವ ಸಲಕರಣೆ ಬೇಗ ಬರಲಿಲ್ಲ. ಆಮೇಲೆ ಬಂದ ಬಿರುಗಾಳಿ ತೈಲವನ್ನು ಹರಡಿತು. ಕೊನೆಗೆ ಸುಮಾರು 2,100 ಕಿ.ಮೀ. ಕಡಲತೀರಕ್ಕೆ ಅದು ತಾಗಿತು. ಒಬ್ಬರದೇ ತಪ್ಪಲ್ಲ, ಹಲವು ಅಜಾಗರೂಕತೆಗಳು ಒಂದೇ ರಾತ್ರಿ ಕೂಡಿಬಂದಿದ್ದವು.

ಪರಿಣಾಮಗಳು

ಚೆಲ್ಲಿದ ತೈಲದ ಹಗುರ ಭಾಗ ಆವಿಯಾಗುತ್ತದೆ. ಉಳಿದದ್ದು ನೀರಿನೊಂದಿಗೆ ಕಲಸಿ ಕಂದು ಬಣ್ಣದ ಅಂಟಾಗುತ್ತದೆ. ಗರಿಗೆ ಅದು ಮೆತ್ತಿದ ಹಕ್ಕಿ ಮೈಬಿಸಿ ಕಳೆದುಕೊಂಡು ಚಳಿಗೆ ಸಾಯುತ್ತದೆ. ಕೊಕ್ಕಿನಿಂದ ಗರಿ ತೀಡುವಾಗ ವಿಷವನ್ನೂ ನುಂಗುತ್ತದೆ. ಅಲಾಸ್ಕದಲ್ಲಿ ಸತ್ತ ಕಡಲಹಕ್ಕಿಗಳು ಅಂದಾಜು 2,50,000, ಕಡಲ ನೀರುನಾಯಿಗಳು ಅಂದಾಜು 2,800. ಕಣ್ಣಿಗೆ ಕಾಣದ ಮೊಟ್ಟೆ, ಮರಿ, ಸೂಕ್ಷ್ಮಜೀವಿಗಳನ್ನು ನಿಖರವಾಗಿ ಲೆಕ್ಕ ಹಾಕಿದವರಿಲ್ಲ.

ಶುದ್ಧೀಕರಣವೂ ಹಾನಿ ಮಾಡಿತು. ಬಂಡೆಗಳಿಗೆ ರಭಸವಾಗಿ ಹಾಯಿಸಿದ ಬಿಸಿನೀರು, ಎಣ್ಣೆಯಿಂದ ಬದುಕುಳಿದಿದ್ದ ಚಿಕ್ಕ ಜೀವಿಗಳನ್ನೂ ಕೊಂದಿತು. ಮೇಲ್ಮೈ ಸ್ವಚ್ಛವಾಗಿ ಕಂಡರೂ, ಗಾಳಿಯಾಡದ ಕಲ್ಲುಗಳಡಿಯಲ್ಲಿ ಎಣ್ಣೆ ಕರಗದೆ ಉಳಿಯಿತು. ಎರಡು ದಶಕಗಳ ನಂತರವೂ ಕೆಲವು ತೀರಗಳಲ್ಲಿ ಅಗೆದಾಗ ಅದು ಸಿಕ್ಕಿತು.

ನಮ್ಮ ಕರಾವಳಿಯ ಬಿಸಿಲಿಗೆ ತೈಲ ಬೇಗ ಆವಿಯಾಗುತ್ತದೆ, ನಿಜ. ಆದರೆ ಅಳಿವೆಗಳ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಉಸಿರಾಡುವ ಬೇರುಗಳಿಗೆ ಅದು ಮೆತ್ತಿಕೊಂಡರೆ ತೆಗೆಯುವುದು ಬಹಳ ಕಷ್ಟ. ಮೀನಿನ ಮರಿಗಳು ಬೆಳೆಯುವುದೂ ಅಲ್ಲಿಯೇ. ಮೀನುಗಾರ ಕುಟುಂಬಗಳ ಜೀವನೋಪಾಯವೂ ಅದನ್ನೇ ಅವಲಂಬಿಸಿದೆ.

ನಾವೇನು ಮಾಡಬಹುದು?

ಅಲಾಸ್ಕದ ನಂತರ, 1990ರಲ್ಲಿ ಅಮೆರಿಕ ಟ್ಯಾಂಕರ್‌ಗಳಿಗೆ ಎರಡು ಪದರದ ಹೊರಕವಚವನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಭಾರತದಲ್ಲಿ ತೈಲ ಸೋರಿಕೆಯನ್ನು ಎದುರಿಸುವ ಮುಖ್ಯ ಹೊಣೆ ಕೋಸ್ಟ್ ಗಾರ್ಡ್‌ನದು. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಇಂದಿಗೂ ಕಚ್ಚಾತೈಲ ಸಮುದ್ರದ ದಾರಿಯಲ್ಲೇ ಬರುತ್ತದೆ. ಹಾಗಾಗಿ ಎಚ್ಚರಿಕೆ ನಿತ್ಯದ ಕೆಲಸ.

ಹಡಗನ್ನು ನಡೆಸುವವರು ನಾವಲ್ಲ. ಆದರೆ ಬೈಕು, ಟಿಲ್ಲರ್, ಪಂಪ್‌ಸೆಟ್ಟಿನಿಂದ ತೆಗೆದ ಹಳೆಯ ಆಯಿಲ್ ನಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಚರಂಡಿಗೋ ತೋಟದ ಅಂಚಿಗೋ ಸುರಿದರೆ, ಮೊದಲ ಮಳೆಗೇ ಹಳ್ಳ ಸೇರಿ ಹೊಳೆಯತ್ತ ಹರಿಯುತ್ತದೆ. ಡಬ್ಬದಲ್ಲಿ ಮುಚ್ಚಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕಾಣದ ಜೀವಕ್ಕೂ ನೋವಾಗದಂತೆ ನಡೆಯಬೇಕೆಂದು ಕಲಿತ ಮನೆಗಳಿಗೆ ಇದು ಹೊಸ ಪಾಠವೇನಲ್ಲ.