ಅಟ್ಟದ ಮೇಲಿನ ಮೂವತ್ತು ಸೆಕೆಂಡು

ಕಡೂರು ಕಡೆಯ ಯಗಟಿ ಸೀಮೆಯ ತೆಂಗಿನ ತೋಟದವರು ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನೋಡಲು ಕಾಯಿ ಒಡೆಯುವುದಿಲ್ಲ. ಎಂಟು-ಹತ್ತು ತಿಂಗಳು ಅಟ್ಟದಲ್ಲಿ ಬಿದ್ದಿದ್ದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ನೀರೆಲ್ಲ ಇಂಗಿ, ಗಿಟುಕು ಕರಟ ಬಿಟ್ಟು ಒಳಗೇ ಗುಡುಗುಡು ಎಂದರೆ ಸುಲಿಯುವ ಹೊತ್ತಾಯಿತು ಎಂದರ್ಥ.

ಟಿ.ವಿ. ಜಾಹೀರಾತು ನಿರ್ದೇಶಿಸುವ ಆಸೆಯ ಹುಡುಗನೋ ಹುಡುಗಿಯೋ ಆ ಊರಲ್ಲಿದ್ದರೆ, ಅವರ ಮೊದಲ ಚಿತ್ರ ಆ ಸದ್ದಿನಲ್ಲೇ ಇದೆ ಅನ್ನುತ್ತೇನೆ ನಾನು.

ಈ ಕಸುಬಿನ ಬಾಗಿಲು ವಿಚಿತ್ರ. ಕಂಪನಿಯವರು ಏಜೆನ್ಸಿಗೆ ಹೇಳುತ್ತಾರೆ, ಏಜೆನ್ಸಿಯವರು ಕಥೆ ಬರೆಯುತ್ತಾರೆ, ಆಮೇಲೆ ಎರಡು-ಮೂರು ನಿರ್ಮಾಣ ಸಂಸ್ಥೆಗಳನ್ನು ಕರೆದು ಖರ್ಚೆಷ್ಟು ಎಂದು ಕೇಳುತ್ತಾರೆ. ನಿರ್ದೇಶಕ ತಾನು ಇದನ್ನು ಹೇಗೆ ತೆಗೆಯುತ್ತೇನೆ ಎಂದು ‘ಟ್ರೀಟ್‌ಮೆಂಟ್ ನೋಟ್’ ಬರೆದುಕೊಡಬೇಕು. ಒಟ್ಟಿನಲ್ಲಿ ಅವನು ಮದುವೆಮನೆಯ ಅಡುಗೆಭಟ್ಟನಿದ್ದಂತೆ: ಕೈರುಚಿ ಅವನದು, ಮದುವೆ ಬೇರೆಯವರದು. ಕರೆಯುವ ಮೊದಲು ಅವರು ನೋಡುವುದು ಶೋರೀಲ್, ಅಂದರೆ ಹಿಂದೆ ಮಾಡಿದ ಕೆಲಸ. ರೀಲ್ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ರೀಲ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗದ, ಮದುವೆಯಾಗದೆ ಹುಚ್ಚು ಬಿಡದ ಆ ಹಳೆಯ ಗಾದೆಯ ಕಥೆಯೇ.

ಹಿಂದಿನವರು ಪಕ್ಕದ ಬಾಗಿಲಿಂದ ಬಂದರು. ಚಿತ್ರನಿರ್ದೇಶಕ ಶ್ಯಾಮ್ ಬೆನಗಲ್ 1959ರಲ್ಲಿ ಮುಂಬೈನ ಲಿಂಟಾಸ್ ಏಜೆನ್ಸಿಗೆ ಸೇರಿದ್ದು ಜಾಹೀರಾತಿನ ಕಾಪಿ ಬರೆಯಲು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಗೋವಿಂದ ನಿಹಲಾನಿ, ಅಲ್ಲೇ ಓದಿದ್ದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಿಗೆ ಸಹಾಯಕರಾಗಿ, ಮುಂದೆ ಬೆನಗಲ್‌ರ ಜಾಹೀರಾತುಗಳಿಗೆ ಕ್ಯಾಮೆರಾ ಹಿಡಿದರು. ಬೆನಗಲ್ ನಿರ್ದೇಶಿಸಿದ 1974ರ ‘ಅಂಕುರ್’ಗೆ ಹಣ ಹಾಕಿದ್ದು ಚಿತ್ರಮಂದಿರಗಳಿಗೆ ಜಾಹೀರಾತು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. ಕಲಾಚಿತ್ರ ಎಂದು ನಾವು ಗೌರವದಿಂದ ನೋಡುವ ಚಿತ್ರದ ಬೇರು ಸೋಪು-ಪೌಡರಿನ ಮಣ್ಣಿನಲ್ಲಿತ್ತು!

ಇನ್ನೊಂದು ದಾರಿ ನಮ್ಮ ಬೆಂಗಳೂರಿನದೇ. ಆಲಪ್ಪುಳದ ಪ್ರಕಾಶ್ ವರ್ಮ ಮಲಯಾಳಂ ಸಿನಿಮಾದಲ್ಲಿ ಸಹಾಯಕರಾಗಿ, ಬಳಿಕ ವಿ.ಕೆ. ಪ್ರಕಾಶ್ ಅವರ ಬಳಿ ಜಾಹೀರಾತು ಕಲಿತು, ಇಲ್ಲಿ ನಿರ್ವಾಣ ಫಿಲ್ಮ್ಸ್ ಕಟ್ಟಿದರು. ಹಚ್ ಮೊಬೈಲ್ ಸೇವೆಯ ಪಗ್ ನಾಯಿಯೂ 2009ರ ಐಪಿಎಲ್ ಹೊತ್ತಿನ ವೊಡಾಫೋನ್ ಝೂಝೂಗಳೂ ಅವರ ನಿರ್ದೇಶನದವು. ಆ ಬಿಳಿ ಮೊಟ್ಟೆತಲೆಯವರನ್ನು ಕಂಪ್ಯೂಟರಿನಲ್ಲಿ ಬರೆದದ್ದೆಂದು ಎಷ್ಟೋ ಜನ ನಂಬಿದ್ದರು. ಬಟ್ಟೆಯೊಳಗೆ ಇದ್ದದ್ದು ನಿಜವಾದ ಕಲಾವಿದರು. ಸುಮಾರು ಮೂವತ್ತು ಚಿತ್ರಗಳನ್ನು ದಕ್ಷಿಣ ಆಫ್ರಿಕಾದಲ್ಲಿ ತೆಗೆದರು. ಅರ್ಥವಿರುವ ಮಾತೇ ಇಲ್ಲದ ಚಿತ್ರಗಳು. ಭಾಷೆ ಗೊತ್ತಿಲ್ಲದವರಿಗೂ ಅರ್ಥವಾದವು.

ಯಗಟಿಯ ಅಟ್ಟಕ್ಕೆ ವಾಪಸು ಬರೋಣ. ನಮ್ಮ ಟಿ.ವಿ. ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮ್, ಮೂವತ್ತು ಸೆಕೆಂಡಿಗೆ 750. ಚಾನೆಲ್‌ನವರು ಹತ್ತು ಸೆಕೆಂಡಿಗಿಷ್ಟು ಎಂದು ಕಾಲವನ್ನು ಅಳೆದು ಮಾರುವುದರಿಂದ ಕೈಜಾರಿದ ಒಂದು ಶಾಟ್‌ಗೂ ಬೆಲೆಯುಂಟು. ಡ್ರೋನಿನಿಂದ ತೋಟ ತೋರಿಸುವ ಆಸೆಯನ್ನು ದಯವಿಟ್ಟು ಬಿಡಿ. ಮದುವೆ ವಿಡಿಯೊದವರು ಅದನ್ನು ಸವೆಸಿಬಿಟ್ಟಿದ್ದಾರೆ. ಕಡೂರಿನ ಎಣ್ಣೆ ಗಾಣದವರೊಬ್ಬರನ್ನು ಕೇಳಿ, ನಿಮ್ಮ ಎಣ್ಣೆಗೆ ಜಾಹೀರಾತು ಮಾಡಿಕೊಡುತ್ತೇನೆ, ದುಡ್ಡು ಬೇಡ, ನನ್ನ ರೀಲ್‌ನಲ್ಲಿ ನಿಮ್ಮ ಹೆಸರು ಹಾಕಿಕೊಳ್ಳುತ್ತೇನೆ ಎನ್ನಿ. ಮೊಬೈಲ್ ಸಾಕು. ಆದರೆ ಸದ್ದಿಗೆ ಒಂದು ಒಳ್ಳೆಯ ಮೈಕ್ ಬಾಡಿಗೆಗೆ ತನ್ನಿ, ಅಲ್ಲಿ ಮಾತ್ರ ಜಿಪುಣತನ ಬೇಡ.

ಚಿತ್ರ ಇಷ್ಟೇ: ಹೆಂಚಿನ ಸಂದಿಯಿಂದ ಇಳಿದ ಒಂದು ಗೀಟು ಬೆಳಕು. ಧೂಳು. ಅಜ್ಜಿಯೊಬ್ಬರು ಕಾಯಿ ಎತ್ತಿ ಕಿವಿಗೆ ಹಿಡಿಯುತ್ತಾರೆ. ಸದ್ದಿಲ್ಲ, ಪಕ್ಕಕ್ಕಿಡುತ್ತಾರೆ. ಇನ್ನೊಂದು. ಅದೂ ಇಲ್ಲ. ಮೊಮ್ಮಗಳು ಕೆಳಗಿನಿಂದ ಏನೋ ಕೂಗುತ್ತಾಳೆ, ಅಜ್ಜಿ ಸುಮ್ಮನಿರೆಂದು ಕೈ ತೋರಿಸಿ ಮೂರನೆಯದನ್ನು ಅಲ್ಲಾಡಿಸುತ್ತಾರೆ.

ಗುಡುಗುಡು.